ಛಾಯಾಗ್ರಹಣದಲ್ಲಿ ಅದೃಷ್ಟದ ಪಾಲು, ಪ್ರೋತ್ಸಾಹದ ಪಾಲು

ಚಿತ್ರ ಬರೆಯುವವನಿಗೂ ಛಾಯಾಚಿತ್ರ ತೆಗೆಯುವವನಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಚಿತ್ರಕಾರನು ತಾನು ಬಯಸದ ಒಂದು ಗೆರೆಯನ್ನೂ ತನ್ನ ಪಟದಲ್ಲಿ ಇಡಬೇಕಾಗಿಲ್ಲ. ಛಾಯಾಗ್ರಾಹಕನಿಗಾದರೋ ಆ ಸ್ವಾತಂತ್ರ್ಯವಿಲ್ಲ. ಹಕ್ಕಿ ಯಾವ ಕಡೆಗೆ ಹಾರುವುದೋ, ಮೋಡ ಯಾವಾಗ ಸರಿಯುವುದೋ, ಎದುರಿಗೆ ಕುಳಿತ ಮಗು ಯಾವ ಕ್ಷಣದಲ್ಲಿ ನಗುವುದೋ ಅವನ ಕೈಯಲ್ಲಿಲ್ಲ. ಆದುದರಿಂದಲೇ ಒಳ್ಳೆಯ ಛಾಯಾಚಿತ್ರವೊಂದನ್ನು ಕಂಡಾಗ ‘ಅವನ ಅದೃಷ್ಟ’ ಎನ್ನುವುದು ವಾಡಿಕೆಯಾಗಿದೆ. ಈ ಮಾತಿನಲ್ಲಿ ಸತ್ಯಾಂಶವೆಷ್ಟು? ಉತ್ತರವನ್ನು ಪ್ರಸಿದ್ಧ ಹವ್ಯಾಸಿಯೊಬ್ಬಳ ಜೀವನದಲ್ಲಿ ನಾವು ಹುಡುಕಬಹುದು.

ಜೂಲಿಯಾ ಮಾರ್ಗರೆಟ್ ಕ್ಯಾಮರಾನ್ 1815ರಲ್ಲಿ ಕಲ್ಕತ್ತೆಯಲ್ಲಿ ಜನಿಸಿದ ಆಂಗ್ಲ ಮಹಿಳೆ. 48 ವರ್ಷ ತುಂಬುವವರೆಗೂ ಆಕೆಗೆ ಸ್ವಂತದ ಕ್ಯಾಮರಾ ಇರಲಿಲ್ಲ. ಆಗ ಆಕೆ ವಾಸವಾಗಿದ್ದುದು ಇಂಗ್ಲೆಂಡಿನ ದಕ್ಷಿಣ ತೀರದಾಚೆಯ ವೈಟ್ ದ್ವೀಪದಲ್ಲಿ. 1863ರ ಡಿಸೆಂಬರಿನಲ್ಲಿ, ತಾಯಿಯ ಒಂಟಿತನದ ಬೇಸರ ಕಳೆಯಲೆಂದು, ಮಗಳೂ ಅಳಿಯನೂ ಆಕೆಗೆ ಕ್ಯಾಮರಾವೊಂದನ್ನು ಉಡುಗೊರೆಯಾಗಿ ಕೊಟ್ಟರು. ಅದು ಕೈಗೆ ಬಂದದ್ದೇ ತಡ, ಮನೆಯ ಕಲ್ಲಿದ್ದಲಿನ ಕೊಠಡಿ ಕತ್ತಲೆಕೋಣೆಯಾಯಿತು. ಕೋಳಿಗಳ ಮನೆ ಚಿತ್ರಶಾಲೆಯಾಯಿತು.

ಆ ಕಾಲದ ಛಾಯಾಗ್ರಹಣವು ಇಂದಿನಂತೆ ಗುಂಡಿ ಒತ್ತುವ ಕೆಲಸವಾಗಿರಲಿಲ್ಲ. ಗಾಜಿನ ಫಲಕದ ಮೇಲೆ ಕೊಲೋಡಿಯನ್ ಎಂಬ ಅಂಟುದ್ರವವನ್ನು ಸಮನಾಗಿ ಹರಿಸಿ, ಸಿಲ್ವರ್ ನೈಟ್ರೇಟ್ ದ್ರಾವಣದಲ್ಲಿ ಅದ್ದಿ, ಅದು ಒಣಗುವುದರೊಳಗೆ ಬೆಳಕಿಗೊಡ್ಡಿ, ಕೂಡಲೇ ಕತ್ತಲೆಕೋಣೆಗೆ ಒಯ್ದು ಸಂಸ್ಕರಿಸಬೇಕಾಗಿತ್ತು. ಆಕೆಯ ಕ್ಯಾಮರಾದ ಮುಂದೆ ಕುಳಿತವರು ಹಲವು ನಿಮಿಷ ಅಲುಗಾಡದೆ ಇರಬೇಕಾಗಿತ್ತು. ಹೆಜ್ಜೆಹೆಜ್ಜೆಗೂ ಕೆಡುವ ಸಂಭವ. ತನ್ನ ಮೊದಲ ಚಿತ್ರವನ್ನು ಆಕೆ ಹಸಿಯಾದ ಫಲಕಕ್ಕೆ ಕೈ ತಾಗಿಸಿ ತಾನೇ ಅಳಿಸಿಬಿಟ್ಟಳು.

1864ರ ಜನವರಿಯಲ್ಲಿ ಇಬ್ಬರು ಮಕ್ಕಳನ್ನು ಕುಳ್ಳಿರಿಸಿ ಚಿತ್ರ ತೆಗೆಯುತ್ತಿದ್ದಾಗ, ಅರ್ಧದಲ್ಲಿಯೇ ಒಂದು ಮಗು ಕಿಸಕ್ಕನೆ ನಕ್ಕಿತು; ಚಿತ್ರ ಹಾಳಾಯಿತು. ಇದು ದುರದೃಷ್ಟವೇ ಸರಿ. ಆದರೆ ಆಕೆ ಅಲ್ಲಿಗೇ ನಿಲ್ಲಿಸಲಿಲ್ಲ. ಆ್ಯನಿ ಎಂಬ ಬಾಲಕಿಯೊಬ್ಬಳನ್ನೇ ಕುಳ್ಳಿರಿಸಿ, ಅಲುಗಾಡಬಾರದೆಂದು ಅನುನಯದಿಂದ ಒಪ್ಪಿಸಿ, ಇನ್ನೊಂದು ಫಲಕವನ್ನು ಸಿದ್ಧಪಡಿಸಿದಳು. ತನ್ನ ಮೊದಲ ಯಶಸ್ಸೆಂದು ಆಕೆ ಕರೆದುಕೊಂಡುದು ಈ ಚಿತ್ರವನ್ನೇ. ಸಂತೋಷದಿಂದ ಮನೆಯೆಲ್ಲಾ ಓಡಾಡಿ ಆ ಮಗುವಿಗೆ ಕೊಡಲು ಉಡುಗೊರೆಗಳನ್ನು ಹುಡುಕಿದಳಂತೆ! ಅಂದೇ ಆ ಚಿತ್ರವನ್ನು ಮುದ್ರಿಸಿ, ಚೌಕಟ್ಟು ಹಾಕಿಸಿ, ಬಾಲಕಿಯ ತಂದೆಗೆ ಒಪ್ಪಿಸಿದಳು.

ಅದೃಷ್ಟದ ಇನ್ನೊಂದು ಪ್ರಸಂಗವು ಇದಕ್ಕಿಂತಲೂ ಸ್ವಾರಸ್ಯವಾದುದು. ಆಕೆಯ ಚಿತ್ರಗಳಲ್ಲಿ ಮುಖಗಳು ಮಂಜಿನಲ್ಲಿ ಮೂಡಿದಂತೆ ಮೃದುವಾಗಿವೆ. ಈ ಮೃದುತ್ವ ಮೊದಲು ಆಕಸ್ಮಿಕವಾಗಿಯೇ ಬಂದಿತೆಂದು ಆಕೆಯೇ ಬರೆದಿದ್ದಾಳೆ. ಮಸೂರವನ್ನು ಹೊಂದಿಸುತ್ತಿರುವಾಗ ಕಣ್ಣಿಗೆ ಸುಂದರವಾಗಿ ಕಂಡ ಸ್ಥಳದಲ್ಲಿ ಆಕೆ ನಿಲ್ಲಿಸಿಬಿಡುತ್ತಿದ್ದಳು. ಉಳಿದವರಂತೆ ಕೂದಲೆಳೆ ಎಣಿಸುವಷ್ಟು ಸ್ಫುಟವಾಗುವವರೆಗೆ ತಿರುಗಿಸುತ್ತಿರಲಿಲ್ಲ. ಹೀಗೆ ಆಕಸ್ಮಿಕವು ಕೊಟ್ಟುದನ್ನು ಕಣ್ಣು ಗುರುತಿಸಿತು; ಮನಸ್ಸು ಅದನ್ನೇ ತನ್ನ ಮಾರ್ಗವನ್ನಾಗಿ ಆರಿಸಿಕೊಂಡಿತು.

ಛಾಯಾಗ್ರಹಣ ಪತ್ರಿಕೆಗಳು ಈ ಚಿತ್ರಗಳನ್ನು ಹಳಿದವು. ಆಗ ಆಕೆಯ ಬೆಂಬಲಕ್ಕೆ ನಿಂತುದು ಮಿತ್ರರ ವಿಶ್ವಾಸ. ಖಗೋಳಶಾಸ್ತ್ರಜ್ಞ ಸರ್ ಜಾನ್ ಹರ್ಷೆಲನು ಆಕೆಗೆ 1836ರಿಂದ ಪರಿಚಿತನು. ಹೊಸ ಕಲೆಯಾದ ಛಾಯಾಗ್ರಹಣದ ವಿಷಯವನ್ನು ಕಲ್ಕತ್ತೆಗೆ ಪತ್ರಮುಖೇನ ತಿಳಿಸಿದವನೂ ಅವನೇ. ಚಿತ್ರಕಾರ ವಾಟ್ಸ್ ಆಕೆಗೆ ಸಲಹೆ ಕೊಡುತ್ತಿದ್ದನು. ಲಂಡನ್ನಿನ ಸೌತ್ ಕೆನ್ಸಿಂಗ್ಟನ್ ವಸ್ತುಸಂಗ್ರಹಾಲಯವು 1865ರಲ್ಲಿಯೇ ಆಕೆಯ ಚಿತ್ರಗಳನ್ನು ಕೊಂಡಿತು. 1867ರಲ್ಲಿ ಆಕೆ ತೆಗೆದ, ನೆರೆತ ಕೂದಲು ಕೆದರಿದ ಹರ್ಷೆಲನ ಚಿತ್ರ ಇಂದು ಜಗತ್ಪ್ರಸಿದ್ಧವಾಗಿದೆ. 1863ರ ಆ ಉಡುಗೊರೆ ಬಾರದೆ ಹೋಗಿದ್ದರೆ ಈ ಚಿತ್ರ ಹುಟ್ಟುತ್ತಿತ್ತೆ?

ಪ್ರೋತ್ಸಾಹವು ದೀಪದಿಂದ ದೀಪ ಹೊತ್ತಿದಂತೆ ಮುಂದುವರಿಯುವುದೆಂಬುದಕ್ಕೆ ನಮ್ಮ ಬೆಂಗಳೂರೂ ಸಾಕ್ಷಿ. ವನ್ಯಜೀವಿಗಳ ಛಾಯಾಗ್ರಾಹಕರೆಂದು ಖ್ಯಾತರಾದ ಟಿ. ಎನ್. ಎ. ಪೆರುಮಾಳ್ (1932–2017) ಅವರಿಗೆ ಒ. ಸಿ. ಎಡ್ವರ್ಡ್ಸ್ ಅವರು ಮಾರ್ಗದರ್ಶಕರಾಗಿದ್ದರು. ಮುಂದೆ ಪೆರುಮಾಳ್ ಅವರೇ ಅನೇಕ ತರುಣರಿಗೆ ಗುರುವಾದರು.

ಇದರಿಂದ ನಾವು ತಿಳಿಯಬೇಕಾದುದೇನು? ಅದೃಷ್ಟವು ಎಲ್ಲರ ಬಾಗಿಲಿಗೂ ಬರುತ್ತದೆ; ಬಂದಾಗ ಮನೆಯಲ್ಲಿರುವವನಿಗೆ ಮಾತ್ರ ಅದರ ಲಾಭ. ಹತ್ತು ಸಲ ಕೆಟ್ಟರೂ ಹನ್ನೊಂದನೆಯ ಸಲ ಪ್ರಯತ್ನಿಸುವವನೇ ಮನೆಯಲ್ಲಿರುವವನು. ಆದರೆ ಆ ಹನ್ನೊಂದನೆಯ ಪ್ರಯತ್ನಕ್ಕೆ ಬೇಕಾದ ಧೈರ್ಯ ಬಹುಮಟ್ಟಿಗೆ ಇತರರಿಂದ ಬರುವಂಥದು. ಅದೃಷ್ಟವನ್ನು ಯಾರೂ ಯಾರಿಗೂ ಕೊಡಲಾರರು. ಪ್ರೋತ್ಸಾಹವನ್ನಾದರೋ ಯಾರು ಬೇಕಾದರೂ ಕೊಡಬಹುದು.

ಇಂದು ಮನೆಯ ಮೊಬೈಲಿನಲ್ಲಿಯೇ ಕ್ಯಾಮರಾ ಇದೆ. ಚಿತ್ರ ಕೆಟ್ಟರೆ ಫಲಕವೂ ಇಲ್ಲ, ಖರ್ಚೂ ಇಲ್ಲ. ಚಾಳಿನ ಮೆಟ್ಟಿಲ ಮೇಲೆ ಬಿದ್ದ ಸಂಜೆಯ ಬಿಸಿಲನ್ನೋ, ಮಳೆಯಲ್ಲಿ ನೆನೆದು ನಿಂತ ಕಾಗೆಯನ್ನೋ ಸೆರೆಹಿಡಿದು ಸಹಪಾಠಿಯೊಬ್ಬನು ನಿಮಗೆ ತೋರಿಸಬಹುದು. ಅದು ಓರೆಯಾಗಿರಬಹುದು, ಮಸುಕಾಗಿರಬಹುದು. ಆಗ ನಕ್ಕುಬಿಟ್ಟರೆ ಆ ಹವ್ಯಾಸ ಅಂದೇ ಮುಗಿದರೂ ಮುಗಿಯಬಹುದು. ಅದರ ಬದಲು, ಚೆನ್ನಾಗಿರುವ ಒಂದಂಶವನ್ನು ಮೊದಲು ಬೆರಳಿಟ್ಟು ತೋರಿಸಿ. ಬಳಿಕ ಕೊರತೆಯನ್ನು ಸ್ನೇಹದಿಂದ ತಿಳಿಸಿ. ಕೊನೆಗೆ ‘ಮುಂದಿನ ಚಿತ್ರ ಯಾವಾಗ?’ ಎಂದು ಕೇಳಿ. ನಿಮಗೆ ಇದಕ್ಕೆ ತಗಲುವುದು ಎರಡು ನಿಮಿಷ. ಅವನಿಗಾದರೋ ಅದು ಆ ಹನ್ನೊಂದನೆಯ ಪ್ರಯತ್ನವಾಗಬಹುದು.