ಜೀವನಾಂಶ 'ಜಾಕ್‌ಪಾಟ್' ಅನ್ನೋರು ಈ ಏಳು ವರ್ಷದ ಲೆಕ್ಕ ನೋಡಿ

2024ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಟೆಕ್ಕಿಯೊಬ್ಬರ ಆತ್ಮಹತ್ಯೆಯ ನಂತರ 'ಜೀವನಾಂಶ' ಅನ್ನೋ ಪದ ರೀಲ್ಸ್‌ಗಳಲ್ಲಿ ಬೈಗುಳವೇ ಆಗಿಹೋಯಿತು. ಆ ಸಾವಿನ ಬಗ್ಗೆ ತೀರ್ಪು ಕೊಡೋದು ನನ್ನ ಕೆಲಸ ಅಲ್ಲ. ಆದರೆ ಆಮೇಲೆ ಪದೇ ಪದೇ ಕೇಳಿಬಂದ ಮಾತೊಂದಿದೆ: ಕೋರ್ಟಿಗೆ ಹೋದರೆ ಸಾಕು, ಮಗುವೂ ಅವಳಿಗೆ, ದುಡ್ಡೂ ಅವಳಿಗೆ. ನಿಜಕ್ಕೂ ಹಾಗಿದೆಯಾ?

ಮೊದಲು ಮಗುವಿನ ವಿಷಯ. 1956ರ ಹಿಂದೂ ಅಪ್ರಾಪ್ತ ವಯಸ್ಕರ ಪಾಲಕತ್ವ ಕಾಯ್ದೆ ಓದಿದರೆ ಆಶ್ಚರ್ಯವಾಗುತ್ತೆ. ಅದರ ಪ್ರಕಾರ ಸಹಜ ಪಾಲಕ ತಂದೆ, ಅವನ 'ನಂತರ' ತಾಯಿ! ಲೇಖಕಿ ಗೀತಾ ಹರಿಹರನ್ ಇದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದರು. ತಂದೆ ಬದುಕಿದ್ದರೂ ಮಗುವಿನ ಹೊಣೆ ಹೊರದಿದ್ದರೆ ತಾಯಿಯೇ ಪಾಲಕಿ ಅಂತ ಕೋರ್ಟ್ ಅರ್ಥೈಸಿದ್ದು 1999ರಲ್ಲಿ. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿ ಬಳಿ ಇರಬೇಕು ಅಂತಲೂ ಅದೇ ಕಾಯ್ದೆ ಹೇಳುತ್ತೆ, ನಿಜ. ಆದರೆ ಎಲ್ಲಕ್ಕಿಂತ ಮೇಲಿರೋದು ಮಗುವಿನ ಹಿತ. ವಯಸ್ಸು, ಶಾಲೆ, ಆರೈಕೆ ಮಾಡುತ್ತಾ ಬಂದವರು ಯಾರು ಅನ್ನೋದನ್ನೆಲ್ಲ ಜಡ್ಜ್ ನೋಡ್ತಾರೆ. ತಿಳಿವಳಿಕೆ ಬಂದ ಮಗುವಾದರೆ ಅದನ್ನೂ ಮಾತಾಡಿಸ್ತಾರೆ. ಸಂಬಳ ಜಾಸ್ತಿ ಇದ್ದ ಮಾತ್ರಕ್ಕೆ ಮಗು ಸಿಗಲ್ಲ, ಕಡಿಮೆ ಇದೆ ಅಂತ ತಪ್ಪೋದೂ ಇಲ್ಲ.

ಹಣದ ಕಥೆ ಬೇರೆ. ಹಿಂದಿನ ಸಿಆರ್‌ಪಿಸಿ 125ನೇ ಸೆಕ್ಷನ್, ಈಗಿನ ಬಿಎನ್‌ಎಸ್‌ಎಸ್ 144, ಎಲ್ಲ ಧರ್ಮದವರಿಗೂ ಅನ್ವಯ. ವಿಚ್ಛೇದಿತ ಮುಸ್ಲಿಂ ಮಹಿಳೆಗೂ ಈ ಹಕ್ಕಿದೆ ಅಂತ ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಮತ್ತೆ ಹೇಳಿತು. ಇದು ಹೆಂಡತಿಗೆ ಮಾತ್ರ ಇರೋ ಸೆಕ್ಷನ್ ಅಂದ್ಕೊಂಡಿದ್ದೀರಾ? ಮಕ್ಕಳು, ವಯಸ್ಸಾದ ಅಪ್ಪ ಅಮ್ಮ ಕೂಡ ಕೇಳಬಹುದು. ನೋಟಿಸ್ ತಲುಪಿದ 60 ದಿನದೊಳಗೆ ಮಧ್ಯಂತರ ಅರ್ಜಿ ಸಾಧ್ಯವಾದಷ್ಟೂ ಇತ್ಯರ್ಥವಾಗಬೇಕು ಅಂತ ಕಾನೂನಿನಲ್ಲೇ ಇದೆ.

ಈಗ ವಾಸ್ತವ ನೋಡಿ. ನಾಗಪುರದ ಮಹಿಳೆಯೊಬ್ಬರು ತನಗೂ ಮಗನಿಗೂ ಜೀವನಾಂಶ ಕೇಳಿ 2013ರಲ್ಲಿ ಅರ್ಜಿ ಹಾಕಿದರು. ಕೌಟುಂಬಿಕ ನ್ಯಾಯಾಲಯ ಆಕೆಗೆ ತಿಂಗಳಿಗೆ 15,000 ರೂಪಾಯಿ ಕೊಡಿಸಿತು. ಮಗನಿಗೆ ಮೊದಲು 5,000, ನಂತರ 10,000. ಗಂಡ ಹೈಕೋರ್ಟಿಗೆ ಹೋದರು, ಸುಪ್ರೀಂ ಕೋರ್ಟಿಗೂ ಹೋದರು. ಅಲ್ಲಿ ತೀರ್ಪು ಬಂದದ್ದು 2020ರ ನವೆಂಬರ್ 4ಕ್ಕೆ. ಏಳು ವರ್ಷ, ಅದೂ ಬರೀ ಮಧ್ಯಂತರ ಜೀವನಾಂಶಕ್ಕೆ! ಆ ಹುಡುಗನ ಶಾಲಾ ಫೀಸು ಏಳು ವರ್ಷ ಕಾಯುತ್ತಾ?

ಹಾಗಾಗಿಯೇ ನ್ಯಾಯಮೂರ್ತಿಗಳಾದ ಇಂದು ಮಲ್ಹೋತ್ರಾ ಮತ್ತು ಸುಭಾಷ್ ರೆಡ್ಡಿ ಅವರ ಆ ತೀರ್ಪು ನನಗೆ ಮುಖ್ಯ ಅನ್ಸುತ್ತೆ. ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲದ ಅಫಿಡವಿಟ್ ಕೊಡಲೇಬೇಕು. ಅವಳದ್ದೂ ಲೆಕ್ಕಕ್ಕೆ ಬರುತ್ತೆ, ಮುಚ್ಚಿಟ್ಟರೆ ಅವಳೂ ಸಿಕ್ಕಿಬೀಳ್ತಾಳೆ. ಅವಳು ದುಡೀತಾಳೆ ಅನ್ನೋದೊಂದೇ ಜೀವನಾಂಶ ನಿರಾಕರಿಸೋಕೆ ಕಾರಣ ಆಗಲ್ಲ. ಹಣವನ್ನು ಆದೇಶದ ದಿನದಿಂದಲ್ಲ, ಅರ್ಜಿ ಹಾಕಿದ ದಿನದಿಂದ ಲೆಕ್ಕ ಹಾಕಬೇಕು. ಕೇಸು ಎಳೆದಷ್ಟೂ ಲಾಭ ಅನ್ನೋ ಆಟಕ್ಕೆ ಪೆಟ್ಟು ಬಿದ್ದದ್ದು ಇಲ್ಲಿ.

ಇನ್ನೊಂದು ವಿಷಯ, ವಾಟ್ಸಾಪಲ್ಲಿ ಯಾರೂ ಹೇಳದ್ದು. ಆದೇಶ ಬಂದ ಮೇಲೂ ಹಣ ಬರದಿದ್ದರೆ ವಸೂಲಿಗೆ ಮತ್ತೆ ಅರ್ಜಿ ಹಾಕಬೇಕು. ಅದೂ ಬಾಕಿ ಬಿದ್ದ ಒಂದು ವರ್ಷದೊಳಗೆ. ತಡವಾದರೆ 144ರ ಅಡಿ ವಾರಂಟ್ ಸಿಗಲ್ಲ.