ಏರಿಯಾನ್-5 ರಾಕೆಟ್ ಸಿಡಿದದ್ದು ಒಂದು ಸಾಲು ಕೋಡ್ ತಪ್ಪಿದ್ದಕ್ಕೇ?

ಪ್ರೋಗ್ರಾಮರ್ ಒಂದು ಸಾಲು ತಪ್ಪು ಬರೆದ, ರಾಕೆಟ್ ಸಿಡಿಯಿತು ಎನ್ನುವ ಧಾಟಿಯ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಘಟನೆ ನಿಜ. ಕಾರಣ ಮಾತ್ರ ಅರ್ಧ ಸತ್ಯ.

1996ರ ಜೂನ್ 4ರಂದು ಯುರೋಪಿನ ಏರಿಯಾನ್-5 ಮೊದಲ ಬಾರಿ ಹಾರಿತು. (ಮುಂದೆ ಇಸ್ರೋದ ಹಲವು ಜಿಸ್ಯಾಟ್ ಉಪಗ್ರಹಗಳನ್ನು ಹೊತ್ತೊಯ್ದದ್ದೂ ಇದೇ ರಾಕೆಟ್.) ಸುಮಾರು 40 ಸೆಕೆಂಡಿನಲ್ಲಿ ದಿಕ್ಕು ತಪ್ಪಿ ಸಿಡಿಯಿತು. ಜೊತೆಗೆ ನಾಲ್ಕು ಉಪಗ್ರಹಗಳೂ ಹೋದವು. ಒಳಗೆ ಜನ ಇರಲಿಲ್ಲ, ಅದೊಂದು ಸಮಾಧಾನ.

ರಾಕೆಟ್ ಎತ್ತ ವಾಲಿದೆ, ಹೇಗೆ ಚಲಿಸುತ್ತಿದೆ ಎಂದು ತಿಳಿಸುವ ಸಾಧನದ ಸಾಫ್ಟ್‌ವೇರನ್ನು ಹಳೆಯ ಏರಿಯಾನ್-4ರಿಂದ ತಂದಿದ್ದರು. ಅಡ್ಡದಿಕ್ಕಿನ ವೇಗಕ್ಕೆ ಸಂಬಂಧಿಸಿದ 64 ಬಿಟ್ ಸಂಖ್ಯೆಯೊಂದನ್ನು ಅದು 16 ಬಿಟ್ ಜಾಗಕ್ಕೆ ಇಳಿಸುತ್ತಿತ್ತು. ಅಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 32,767. ಹಳೆಯ ರಾಕೆಟ್ಟಿಗೆ ಅಷ್ಟು ಸಾಕಾಗುತ್ತಿತ್ತು. ಹೊಸದರ ಅಡ್ಡವೇಗ ಬಹಳ ಹೆಚ್ಚು. ಸಂಖ್ಯೆ ಹಿಡಿಸಲಿಲ್ಲ, ಸಾಧನ ನಿಂತುಹೋಯಿತು. ಬದಲಿ ಸಾಧನ ಇರಲಿಲ್ಲವೇ? ಇತ್ತು. ಅದರಲ್ಲೂ ಅದೇ ಸಾಫ್ಟ್‌ವೇರ್, ಅದು ಕ್ಷಣದ ಮೊದಲೇ ನಿಂತಿತ್ತು. ವಿಚಿತ್ರವೆಂದರೆ, ನೆಲ ಬಿಟ್ಟ ಮೇಲೆ ಏರಿಯಾನ್-5ಕ್ಕೆ ಆ ಲೆಕ್ಕವೇ ಬೇಕಿರಲಿಲ್ಲ!

ಹಾಗಂತ ಕೋಡ್ ಬರೆದವರು ಕಣ್ಣುಮುಚ್ಚಿ ಕೂತಿರಲಿಲ್ಲ. ಹೀಗೆ ಮಿತಿ ಮೀರಬಹುದಾದ 7 ಸಂಖ್ಯೆಗಳನ್ನು ಗುರುತಿಸಿ, ಕಂಪ್ಯೂಟರಿಗೆ ಹೊರೆಯಾಗದಿರಲೆಂದು 4ಕ್ಕೆ ಮಾತ್ರ ರಕ್ಷಣೆ ಕೊಟ್ಟಿದ್ದರು. ಸಾಧನ ಏನು ಮಾಡಬೇಕೆಂದು ಮೊದಲೇ ಬರೆದಿಡುವ ಸ್ಪೆಸಿಫಿಕೇಶನ್‌ನಲ್ಲಿ ಏರಿಯಾನ್-5ರ ಹಾದಿಯ ಅಂಕಿಗಳೇ ಇರಲಿಲ್ಲ ಎಂದು ತನಿಖಾ ಸಮಿತಿ ಹೇಳಿತು.

ಇಂಥದ್ದನ್ನು ಕೋಡ್ ಬರೆಯುವ ಮುನ್ನವೇ ಹಿಡಿಯಲು ಎರಡು ದಾರಿಗಳಿವೆ. ಒಂದು ಚಿತ್ರ: ಯಾವ ಮಾಹಿತಿ ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆ ಎಂದು ಬಾಣ ಎಳೆದು ತೋರಿಸುವುದು. ಯಾರಿಗೂ ಅರ್ಥವಾಗುತ್ತದೆ, ಆದರೆ ‘ವೇಗ’ ಎಂದು ಬರೆದ ಬಾಣ ಎಷ್ಟು ವೇಗ ಎಂದು ಹೇಳುವುದಿಲ್ಲ. ಇನ್ನೊಂದು ಗಣಿತ: ಝಡ್, ವಿಡಿಎಂ, ಬಿ ಮುಂತಾದ ಭಾಷೆಗಳಲ್ಲಿ ಮಿತಿ, ನಿಯಮಗಳನ್ನು ಬರೆದು, ಅವು ಮುರಿಯುವುದಿಲ್ಲ ಎಂದು ಸಾಧಿಸುವುದು. ಇದು ಖಚಿತ. ಆದರೆ ಹಳೆಯ ರಾಕೆಟ್ಟಿನ ಅಂಕಿ ಕೊಟ್ಟರೆ ಗಣಿತವೂ ‘ಎಲ್ಲ ಸರಿ’ ಎಂದೇ ಹೇಳುತ್ತದೆ. ಆದ್ದರಿಂದ ಎರಡೂ ಬೇಕು. ಬಾಣದ ಮೇಲೆ ಮಿತಿ ಬರೆದಿದ್ದರೆ, ಆ ಅಂಕಿಯನ್ನು ಯಾರ ಬಳಿ ಕೇಳಬೇಕೆಂದು ಚಿತ್ರವೇ ತೋರಿಸುತ್ತದೆ, ಹಿಡಿಸುತ್ತದೋ ಇಲ್ಲವೋ ಎಂದು ಗಣಿತ ಹೇಳುತ್ತದೆ.

1998ರಲ್ಲಿ ಆರಂಭವಾದ, ಚಾಲಕರಿಲ್ಲದ ಪ್ಯಾರಿಸ್ ಮೆಟ್ರೋ 14ನೇ ಮಾರ್ಗದ ಸುರಕ್ಷತಾ ಸಾಫ್ಟ್‌ವೇರನ್ನು ‘ಬಿ’ ವಿಧಾನದಲ್ಲೇ ಸಾಧಿಸಿ ಬರೆದರು. ನಿಮ್ಮ ಫೋನಿನ ಆ್ಯಪ್‌ಗಳಿಗೆ ಸಾಮಾನ್ಯವಾಗಿ ಇಷ್ಟೆಲ್ಲ ಮಾಡುವುದಿಲ್ಲ. ಸಮಯ, ಖರ್ಚು ಎರಡೂ ಜಾಸ್ತಿ.