ಒಂದು ಗಂಟೆಯ ಹಾರಾಟ, ಐದು ಗಂಟೆಯ ಪ್ರಯಾಣ

ಚೆನ್ನೈ, ಬೆಂಗಳೂರು, ಮಂಗಳೂರು ಈ ಮೂರು ನಗರಗಳೂ ಭೂಪಟದಲ್ಲಿ ಹೆಚ್ಚುಕಡಿಮೆ 13 ಡಿಗ್ರಿ ಉತ್ತರ ಅಕ್ಷಾಂಶದ ಮೇಲೆ ಸಾಲಾಗಿ ನಿಂತಿವೆ. ನಡುವಿನ ಬೆಂಗಳೂರಿನಿಂದ ಎರಡೂ ಕಡಲತೀರಗಳಿಗೆ ನೇರ ಗೆರೆ ಎಳೆದರೆ ಅಂತರ ಸುಮಾರು 300 ಕಿ.ಮೀ. ವಿಮಾನಗಳ ವೇಳಾಪಟ್ಟಿಯಲ್ಲಿಯೂ ಎರಡಕ್ಕೂ ಸುಮಾರು ಒಂದು ಗಂಟೆ. ದೂರವೂ ಸಮಯವೂ ಒಂದೇ ಆದ ಮೇಲೆ ವಿಮಾನಯಾನದ ಪ್ರಯೋಜನವೂ ಒಂದೇ ಇರಬೇಕಲ್ಲವೇ? ಖಂಡಿತ ಇಲ್ಲ.

ವೇಳಾಪಟ್ಟಿಯ ಒಂದು ಗಂಟೆ ವಿಮಾನದ ಲೆಕ್ಕವೇ ಹೊರತು ಪ್ರಯಾಣಿಕನ ಲೆಕ್ಕವಲ್ಲ. ನಾನಿರುವ ಆರ್.ಟಿ. ನಗರ ವಿಮಾನ ನಿಲ್ದಾಣದ ದಿಕ್ಕಿನಲ್ಲಿಯೇ ಇದೆ. ಆದರೂ ಹೆಬ್ಬಾಳದ ವಾಹನ ದಟ್ಟಣೆಯನ್ನು ನೆನೆದು ಒಂದು ಗಂಟೆ ಕೈಯಲ್ಲಿಟ್ಟುಕೊಂಡೇ ಹೊರಡಬೇಕು. ತಪಾಸಣೆ, ಕಾಯುವಿಕೆಗೆ ಒಂದೂವರೆ ಗಂಟೆ. ಹಾರಾಟ ಒಂದು ಗಂಟೆ. ಇಳಿದು ಚೆನ್ನೈ ನಗರದೊಳಕ್ಕೆ ಸೇರಲು ಮತ್ತೊಂದು ಗಂಟೆ. ಒಟ್ಟು ನಾಲ್ಕೂವರೆ ಗಂಟೆ. ವಂದೇ ಭಾರತ್ ರೈಲು ಬೆಂಗಳೂರಿನಿಂದ ಚೆನ್ನೈ ಸೆಂಟ್ರಲ್‌ಗೆ 362 ಕಿ.ಮೀ. ಹಾದಿಯನ್ನು ಸುಮಾರು ನಾಲ್ಕೂವರೆ ಗಂಟೆಯಲ್ಲಿ ಕ್ರಮಿಸುತ್ತದೆ. ಮನೆಯಿಂದ ರೈಲು ನಿಲ್ದಾಣಕ್ಕೆ ಹೋಗುವ ಹೊತ್ತನ್ನು ಸೇರಿಸಿದರೂ ನನಗೆ ವಿಮಾನದಿಂದ ಉಳಿಯುವುದು ಒಂದು ಗಂಟೆ ಮಾತ್ರ. ಜಯನಗರದವರಿಗೆ ಅದೂ ಉಳಿಯಲಿಕ್ಕಿಲ್ಲ.

ಮಂಗಳೂರಿನ ಕಥೆ ಬೇರೆ. ಸಕಲೇಶಪುರ–ಸುಬ್ರಹ್ಮಣ್ಯ ನಡುವಿನ 55 ಕಿ.ಮೀ. ಘಟ್ಟದ ಹಳಿಯ ಏರಿಳಿತ ಐವತ್ತಕ್ಕೆ ಒಂದು. ಅಲ್ಲಿ ರೈಲು ತೆವಳುತ್ತದೆ. ಹಗಲಿನ ರೈಲಿಗೆ ಒಂಬತ್ತು ಗಂಟೆಗೂ ಮಿಗಿಲಾದ ಸಮಯ ಬೇಕು. 2018ರ ಆಗಸ್ಟ್‌ನಲ್ಲಿ ಭೂಕುಸಿತದಿಂದ ಶಿರಾಡಿ ಘಾಟಿಯ ರಸ್ತೆ, ಹಳಿ ಎರಡೂ ಮುಚ್ಚಿದ್ದವು. ಇಲ್ಲಿ ವಿಮಾನ ಅರ್ಧ ದಿನವನ್ನೇ ಉಳಿಸುತ್ತದೆ.

ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇದು ಸ್ಥಿರ ವೆಚ್ಚದ ಸರಳ ಪಾಠ. ಹಾರುವ ದೂರ ಎಷ್ಟೇ ಇರಲಿ, ನೆಲದ ಮೇಲಿನ ಮೂರೂವರೆ ಗಂಟೆ ಕದಲುವುದಿಲ್ಲ. ಸುಮಾರು 1,700 ಕಿ.ಮೀ. ದೂರದ ದೆಹಲಿಗೆ ಅದು ಹೊರೆಯೆನಿಸದು, 300 ಕಿ.ಮೀ.ಗೆ ಅದೇ ದೊಡ್ಡ ಹೊರೆ. ವಿಮಾನದ ವೇಗವನ್ನು ಇನ್ನಷ್ಟು ಹೆಚ್ಚಿಸಿ ಫಲವಿಲ್ಲ. ತಗ್ಗಿಸಬೇಕಾದುದು ನೆಲದ ಮೇಲಿನ ಹೊತ್ತನ್ನು.

ನಾವು ಎಡವಿರುವುದೂ ಇಲ್ಲಿಯೇ. ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದದ್ದು 2008ರ ಮೇ ತಿಂಗಳಿನಲ್ಲಿ. ಅದರ ಸಮೀಪದ ಪುಟ್ಟ ರೈಲು ತಂಗುದಾಣ ತೆರೆದದ್ದು 2021ರ ಜನವರಿಯಲ್ಲಿ. ಹೆಬ್ಬಾಳದ ಮೂಲಕ ಸಾಗುವ ಮೆಟ್ರೊ ಮಾರ್ಗಕ್ಕೆ ಕೇಂದ್ರ ಸಂಪುಟ ಒಪ್ಪಿಗೆ ನೀಡಿದ್ದು ಅದೇ ವರ್ಷದ ಏಪ್ರಿಲ್‌ನಲ್ಲಿ. ಒಪ್ಪಿಗೆಗೇ ಹದಿಮೂರು ವರ್ಷ! ಚೆನ್ನೈ ತನ್ನ ವಿಮಾನ ನಿಲ್ದಾಣಕ್ಕೆ 2016ರಲ್ಲಿಯೇ ಮೆಟ್ರೊ ಓಡಿಸಿತು.

ಈಗ ಬೆಂಗಳೂರಿಗೆ ಎರಡನೆಯ ವಿಮಾನ ನಿಲ್ದಾಣದ ಮಾತು ಕೇಳಿಬಂದಿದೆ. ಕನಕಪುರ ರಸ್ತೆ ಹಾಗೂ ನೆಲಮಂಗಲದ ಕಡೆಯ ಜಾಗಗಳನ್ನು 2025ರಲ್ಲಿ ಪರಿಶೀಲಿಸಲಾಯಿತು. ಸರ್ಕಾರಿ ಸೇವೆಯಲ್ಲಿ ಹಲವು ಯೋಜನಾ ವರದಿಗಳನ್ನು ಓದಿದವನಾಗಿ ನನ್ನದೊಂದು ಸಲಹೆ. ಓಡುದಾರಿಯ ಉದ್ದ, ಎಕರೆಗಳ ಲೆಕ್ಕದ ಜೊತೆಗೆ ಕಡತದಲ್ಲಿ ಇನ್ನೊಂದು ಅಂಕಿಯೂ ಇರಲಿ: ನಗರದ ಪ್ರತಿ ಬಡಾವಣೆಯ ಮನೆಬಾಗಿಲಿನಿಂದ ವಿಮಾನದ ಬಾಗಿಲಿಗೆ ಎಷ್ಟು ಹೊತ್ತು? ಜೊತೆಗೆ, ಮೊದಲ ವಿಮಾನ ಏರುವ ದಿನವೇ ಮೊದಲ ರೈಲೂ ಓಡಬೇಕೆಂಬ ಷರತ್ತು ಮಂಜೂರಾತಿ ಆದೇಶದಲ್ಲಿಯೇ ಇರಲಿ. ಇಲ್ಲವಾದರೆ ಆಕಾಶದಲ್ಲಿ ಗಳಿಸಿದ್ದನ್ನು ನಾವು ಮತ್ತೆ ರಸ್ತೆಯಲ್ಲಿ ಕಳೆಯುತ್ತೇವೆ.